ಮೇಷ್ಟ್ರ ಬಾಯಿಗೆ ಬಾರದ ‘ಇಲ್ಲ’

ಹೆಂಡತಿ: ಅನ್, ಇನ್, ಇಮ್, ಡಿಸ್! ಇಂಗ್ಲಿಷ್ ಪದಗಳ ತಲೆಗೆ ಕಟ್ಟೋಕೆ ನಿಮ್ಮ ಹತ್ರ ಬೇಕಾದಷ್ಟು ‘ಇಲ್ಲ’ ಇದೆ. ಪ್ರಿನ್ಸಿಪಾಲರ ಮುಂದೆ ಮಾತ್ರ ಒಂದೂ ಬಾಯಿಗೆ ಬರಲ್ಲ!

ಮೇಷ್ಟ್ರು: ಹ್ಯಾಪಿ ಮುಂದೆ ಅನ್ ಹಾಕಬಹುದು ಕಣೆ. ಪ್ರಿನ್ಸಿಪಾಲರ ಮುಂದೆ ಏನು ಹಾಕಲಿ?

ಹೆಂಡತಿ: ಸಲಾಮು ಹಾಕೋದೊಂದು ಬಿಟ್ಟು ಏನಾದ್ರೂ ಹಾಕಿ!

ಮೇಷ್ಟ್ರು ಟ್ಯುಟೋರಿಯಲ್ ಒಂದರಲ್ಲಿ ಇಂಗ್ಲಿಷ್ ಪಾಠ ಹೇಳುವವರು. ಯಾವ ಪದಕ್ಕೆ ಯಾವ ನಿಷೇಧ ಅಂಟುತ್ತದೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಆದರೆ ಪ್ರಿನ್ಸಿಪಾಲರು ಏನು ಕೇಳಿದರೂ ಅವರ ಬಾಯಿಂದ ಬರುವುದು ಒಂದೇ ಮಾತು: ‘ಆಗಲಿ ಸಾರ್.’ ಹೀಗೆ ಆಗಲಿ ಆಗಲಿ ಎಂದೇ ಭಾನುವಾರಗಳೆಲ್ಲ ವಿಶೇಷ ತರಗತಿಯ ಪಾಲಾಗಿ, ಪಕ್ಕದೂರಿನಲ್ಲಿರುವ ಮಗಳ ಕೂಸನ್ನು ಅವರು ಇನ್ನೂ ಎತ್ತಿಕೊಂಡಿರಲಿಲ್ಲ.

ಹೆಂಡತಿ: ಮಗುವಿಗೆ ಹಲ್ಲು ಬಂತಂತೆ. ತಾತ ಹೋಗೋ ಹೊತ್ತಿಗೆ ಬಿದ್ದೂ ಹೋಗಿರುತ್ತೆ.

ಮೇಷ್ಟ್ರು: ನನ್ನವೂ ಬಿದ್ದಿರುತ್ವೆ. ಇಬ್ಬರೂ ಒಂದೇ ಥರ ನಗ್ತೀವಿ ಬಿಡು.

ಹೆಂಡತಿ: ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ! ಏಳಿ, ಅಭ್ಯಾಸ ಮಾಡೋಣ. ಈಗ ನಾನೇ ಪ್ರಿನ್ಸಿಪಾಲ್. ಏನು ಮೇಷ್ಟ್ರೇ, ಭಾನುವಾರ ಬರ್ತೀರಾ?

ಮೇಷ್ಟ್ರು: ಆಗಲಿ ಸಾ...

ಹೆಂಡತಿ: ಅಯ್ಯೋ, ನನಗೂ ‘ಸಾರ್’ ಅಂತೀರಲ್ರೀ!

ಮೇಷ್ಟ್ರು: ನೀನು ಹುಬ್ಬು ಗಂಟು ಹಾಕಿದ್ಯಲ್ಲ, ಅವರೇ ಎದುರಿಗೆ ನಿಂತ ಹಾಗಾಯ್ತು.

ಹೆಂಡತಿ: ಕನ್ನಡದಲ್ಲಿ ಸಂಕೋಚ ಆದ್ರೆ ಇಂಗ್ಲಿಷಲ್ಲೇ ಹೇಳಿ. ನಿಮ್ಮ ಸರಕು ತಾನೆ?

ಮೇಷ್ಟ್ರು ಪಂಚೆ ಬಿಗಿದುಕೊಂಡು, ಕಪಾಟನ್ನೇ ಪ್ರಿನ್ಸಿಪಾಲರೆಂದುಕೊಂಡು ‘ಇಮ್‌ಪಾಸಿಬಲ್’ ಎಂದರು. ಮೊದಲು ಪಿಸುಗುಟ್ಟಿದರು. ಹೇಳುತ್ತ ಹೇಳುತ್ತ ಹುರುಪು ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಅದುರುವಷ್ಟು ಗುಡುಗಿದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪ್ರಿನ್ಸಿಪಾಲರದೇ. ಹೆಂಡತಿ ಸ್ಪೀಕರ್ ಒತ್ತಿದರು.

ಪ್ರಿನ್ಸಿಪಾಲರು: ಮೇಷ್ಟ್ರೇ, ಈ ಭಾನುವಾರ...

ಮೇಷ್ಟ್ರು: (ಕಣ್ಣು ಮುಚ್ಚಿ) ಇಮ್‌ಪಾಸಿಬಲ್!

ಪ್ರಿನ್ಸಿಪಾಲರು: ಅಲ್ಲ, ಕಟ್ಟಡಕ್ಕೆ ಬಣ್ಣ ಹೊಡೆಸ್ತಿದೀವಿ. ಕ್ಲಾಸಿಗೆ ರಜಾ ಕೊಡೋಣ ಅಂತ...

ಮೇಷ್ಟ್ರು: ಇಮ್‌ಪಾಸಿಬಲ್ ಅಂದೆನಲ್ಲ ಸಾರ್! ಎಷ್ಟು ಸಲ ಹೇಳ್ಬೇಕು?

ಪ್ರಿನ್ಸಿಪಾಲರು: (ಹಿಗ್ಗಿ) ರಜಾ ಕೊಡ್ತೀನಿ ಅಂದ್ರೂ ಬೇಡ ಅಂತೀರಲ್ಲ! ನಿಮ್ಮಂಥೋರು ಎಲ್ಲಿ ಸಿಗ್ತಾರೆ? ಆಯ್ತು, ತಾರಸಿ ಮೇಲೆ ಪಾಠ ಇಟ್ಕೊಳ್ಳೋಣ.

ಫೋನ್ ಕಟ್ಟಾಯಿತು. ಮೇಷ್ಟ್ರು ಒಂದೇ ಕಣ್ಣು ತೆರೆದು ಹೆಂಡತಿಯ ಕಡೆ ನೋಡಿದರು.

ಹೆಂಡತಿ: ಜನ್ಮಕ್ಕೊಂದು ‘ಇಲ್ಲ’ ಹೇಳಿದ್ರಿ. ಅದೂ ರಜಕ್ಕೆ!

ಮೇಷ್ಟ್ರು: ಎದೆ ಗಟ್ಟಿ ಮಾಡ್ಕೊಳ್ಳೋ ಭರದಲ್ಲಿ ಕಿವಿ ಮುಚ್ಚಿಹೋಯ್ತು ಕಣೆ. ನನ್ನಂಥ ಪೆದ್ದನ ಹಿಂದೆ ಮುಂದೆ ಯಾವ ‘ಅನ್’ ಅಂಟಿಸಿದ್ರೂ ಜಾಣ ಆಗಲ್ಲ.

ಹೆಂಡತಿ: ಅಳಬೇಡಿ. ತಿರುಗಿ ಫೋನ್ ಮಾಡಿ, ನಿಮಗೆ ಬರೋ ಆ ಒಂದೇ ಮಾತು ಹೇಳಿ. ಅದು ಕೆಲಸಕ್ಕೆ ಬರೋ ದಿನ ಇವತ್ತೇ.

ಮೇಷ್ಟ್ರ ಮುಖ ಅರಳಿತು. ಸ್ಪೀಕರ್ ಒತ್ತಿಕೊಂಡೇ ತಿರುಗಿ ಫೋನ್ ಮಾಡಿದರು.

ಮೇಷ್ಟ್ರು: ಸಾರ್, ಯೋಚನೆ ಮಾಡಿದೆ. ಆ ರಜಾ ವಿಷಯ... ಆಗಲಿ ಸಾರ್!

ಪ್ರಿನ್ಸಿಪಾಲರು: ಸಂತೋಷ. ಹೇಗೂ ಬಿಡುವಾಗಿರ್ತೀರಿ. ಬಣ್ಣದವರ ಹತ್ರ ಯಾರಾದ್ರೂ ನಿಂತಿರಬೇಕಲ್ಲ, ಒಂಚೂರು ಬಂದು...

ಮೇಷ್ಟ್ರು: ಆಗಲಿ ಸಾ...

ಹೆಂಡತಿ ಒಂದು ಕೈಯಲ್ಲಿ ಗಂಡನ ಬಾಯಿ ಮುಚ್ಚಿ, ಇನ್ನೊಂದರಲ್ಲಿ ಫೋನ್ ಕಿತ್ತುಕೊಂಡರು.

ಹೆಂಡತಿ: ನಮಸ್ಕಾರ ಸಾರ್. ಇವರು ಬರಲ್ಲ. ಮೊಮ್ಮಗುವನ್ನ ನೋಡೋಕೆ ಹೋಗ್ತಿದೀವಿ.



ಪ್ರಿನ್ಸಿಪಾಲರು: ಆ... ಆಗಲಿ ಮೇಡಂ!