ಹೂವಿನಂಗಡಿಯಲ್ಲಿ ಸಸ್ಯಶಾಸ್ತ್ರ

"ನಡುವೆ ಎಂಟು ವರ್ಷ ಖಾಲಿ ಇದೆಯಲ್ಲಾ, ಏನ್ ಮಾಡ್ತಾ ಇದ್ರಿ?"

ಉದ್ಯೋಗ ಕಚೇರಿಯ ಗುಮಾಸ್ತೆ ನನ್ನ ಅರ್ಜಿಯ ಮೇಲೆ ಪೆನ್ನಿನ ತುದಿಯಿಟ್ಟು ಕೇಳಿದಳು. ಖಾಲಿಯಂತೆ! ಗಂಡನ ಕೆಲಸದ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಈ ದೇಶಕ್ಕೆ ಬಂದದ್ದು, ಮಗಳನ್ನು ಹೆತ್ತದ್ದು, ಮೂರು ಬಾಡಿಗೆ ಮನೆ ಬದಲಿಸಿದ್ದು, ಅವಳ ಕಿವಿನೋವು, ಇವರ ಸೊಂಟನೋವು, ಇದ್ಯಾವುದಕ್ಕೂ ಅರ್ಜಿಯಲ್ಲಿ ಜಾಗವಿಲ್ಲ. ಎಲ್ಲ ಸೇರಿಸಿ ಅವರಿಟ್ಟ ಹೆಸರು 'ವೃತ್ತಿ ವಿರಾಮ'. ಆ ವಿರಾಮದಲ್ಲಿ ನಾನು ಕಾಲು ಚಾಚಿ ಒರಗಿದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಾತ್ರ.

ಅದಕ್ಕೂ ಮೊದಲು ನಾನು ಕಾಲೇಜಿನಲ್ಲಿ ಹನ್ನೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ಆದರೆ ನನ್ನ ಪದವಿ ಇಲ್ಲಿ ನಡೆಯುವುದಿಲ್ಲವಂತೆ. ಮತ್ತೆ ನಾಲ್ಕು ವರ್ಷ ಓದಬೇಕಂತೆ. (ಓದಿ ಮುಗಿಸಿ ಕೆಲಸದ ಅರ್ಜಿಯನ್ನೂ ನಿವೃತ್ತಿಯ ಅರ್ಜಿಯನ್ನೂ ಒಟ್ಟಿಗೇ ಕೊಡಬಹುದು.)

ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡೆ. ನಮ್ಮವರು ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದರು.

"ಬೇರೆ ಏನಾದ್ರೂ ಕಲ್ತ್ಕೋ. ಕಂಪ್ಯೂಟರ್ ಕೋರ್ಸು ಇದೆಯಂತೆ."

"ರೀ, ಗಿಡ ಬಿಟ್ರೆ ನನಗೆ ಬೇರೇನು ಗೊತ್ತು?"

"ಹಾಗಾದ್ರೆ ಹೂವಿನಂಗಡಿಗೆ ಸೇರ್ಕೋ. ತಿರುವಿನಲ್ಲಿ 'ಕೆಲಸಕ್ಕೆ ಜನ ಬೇಕು' ಅಂತ ಬೋರ್ಡ್ ಹಾಕಿದ್ದಾರೆ."

ಅವರು ಅಂದದ್ದು ತಮಾಷೆಗೆ. ನಾನು ಎದ್ದು ಕೂತೆ. ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತದಂತೆ. ನಾನಾದರೋ ಪದವೀಧರ ನಾರು!

ಅಂಗಡಿಯ ಒಡತಿ ಅರವತ್ತು ದಾಟಿದ ಗಟ್ಟಿ ಹೆಂಗಸು. ಪದವಿ ಕೇಳಲಿಲ್ಲ, ವಿರಾಮ ಕೇಳಲಿಲ್ಲ. ನನ್ನ ಅಂಗೈ ತಿರುಗಿಸಿ ನೋಡಿ, "ಎರಡು ವಾರ ನೋಡೋಣ" ಎಂದಳು. (ಮನೆಯಲ್ಲಿ ಯಜಮಾನರು, ಅಂಗಡಿಯಲ್ಲಿ ಯಜಮಾನಿ. ನನ್ನ ಹಣೆಯಲ್ಲಿ ಸ್ವರಾಜ್ಯ ಬರೆದಿಲ್ಲ.)

ಹೂವಿನ ಕೆಲಸವೆಂದರೆ ಹೂವಿನಂಥ ಕೆಲಸ ಎಂದುಕೊಂಡಿದ್ದೆ. ಬೆಳಗ್ಗೆ ಏಳಕ್ಕೆ ತಣ್ಣನೆಯ ಕೋಣೆಯಿಂದ ಇಪ್ಪತ್ತು ಬಕೆಟ್ ಹೊರಗೆಳೆಯಬೇಕು. ನಾರುವ ನೀರು ಚೆಲ್ಲಿ, ಬಕೆಟ್ ಉಜ್ಜಿ, ತೊಟ್ಟುಗಳನ್ನು ಓರೆಯಾಗಿ ಕತ್ತರಿಸಿ, ಗುಲಾಬಿಯ ಮುಳ್ಳು ತೆಗೆಯಬೇಕು. ಗುಲಾಬಿಯದು ನಿಜವಾದ ಮುಳ್ಳೇ ಅಲ್ಲ ಎಂದು ನಾನು ಹನ್ನೊಂದು ವರ್ಷ ಪಾಠ ಮಾಡಿದ್ದೆ. ಚುಚ್ಚಿದ್ದು ಮಾತ್ರ ನಿಜವಾಗಿಯೇ ಚುಚ್ಚಿತು. ಸಂಜೆ ಮನೆಗೆ ಬಂದರೆ ಸೊಂಟ ನನ್ನದೋ ಬಕೆಟ್ಟಿನದೋ ತಿಳಿಯುತ್ತಿರಲಿಲ್ಲ.

ಕೈ ಸೋತಿತು, ಬಾಯಿ ಸೋಲಲಿಲ್ಲ. ಹೆಂಡತಿಯ ಮುನಿಸು ತೀರಿಸಲು ಲಿಲಿ ಹೂವು ಕೊಳ್ಳಬಂದವನಿಗೆ, ಹೂವೆಂದರೆ ಗಿಡದ ಸಂತಾನೋತ್ಪತ್ತಿಯ ಅಂಗ ಎಂದು ಒಂದೊಂದೇ ಭಾಗ ಮುಟ್ಟಿ ತೋರಿಸಿದೆ. ಅವನು ಕೆಂಪಗಾಗಿ ಚಾಕೊಲೇಟ್ ಅಂಗಡಿಗೆ ಹೋದ. ಒಬ್ಬ ಅಜ್ಜಿ ಸೇವಂತಿಗೆ ಕೇಳಿದರು.

"ಇದು ಒಂದು ಹೂವಲ್ಲ ಅಜ್ಜಿ, ನೂರಾರು ಹೂವುಗಳ ಗುಂಪು!"

"ಅಷ್ಟೊಂದು ಬೇಡಮ್ಮಾ, ನಮ್ಮನೇಲಿ ಇರೋಳು ನಾನೊಬ್ಬಳೇ," ಎಂದು ಅವರೂ ಹೊರಟರು.

ಎರಡನೇ ವಾರದ ಕೊನೆಗೆ ಯಜಮಾನಿ, "ಸಂಜೆ ಸ್ವಲ್ಪ ಮಾತಾಡೋದಿದೆ" ಎಂದಳು. ನನಗೆ ಅರ್ಥವಾಯಿತು. ಕೆಲಸ ಹೋಗುವುದಕ್ಕಿಂತ ಮಗಳಿಗೆ ಹೇಳುವುದೇ ಕಷ್ಟವೆನಿಸಿತು. ಶಾಲೆಯ ಫಾರಮ್ಮಿನಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ ಅವಳೇ ದಪ್ಪಕ್ಷರದಲ್ಲಿ 'ಹೂವಿನ ತಜ್ಞೆ' ಎಂದು ಬರೆದಿದ್ದಳು. ಹೋದ ವರ್ಷ ಅಲ್ಲಿ ಒಂದು ಗೆರೆ ಇತ್ತು.

ನಾಲ್ಕು ಗಂಟೆಗೆ ಒಬ್ಬ ದಢೂತಿ ಮನುಷ್ಯ ಜೋಲುಬಿದ್ದ ಗುಲಾಬಿಗಳನ್ನು ಕೋಳಿ ಹಿಡಿದಂತೆ ತಲೆಕೆಳಗಾಗಿ ಹಿಡಿದು ನುಗ್ಗಿದ.

"ನಿನ್ನೆ ಕೊಟ್ಟಿದ್ದು ಇದು! ಏನು, ನನ್ನ ಕಿವಿಗೆ ಹೂವಿಡ್ತೀರಾ? ಬೇರೆ ಕೊಡಿ!"

ಯಜಮಾನಿ ಫೋನಿನಲ್ಲಿದ್ದಳು. ಹೇಗೂ ಕೊನೆಯ ದಿನವೆಂದು ನಾನೇ ಮುಂದೆ ಹೋದೆ.

"ತೊಟ್ಟು ಕತ್ತರಿಸಿ ನೀರಿಗೆ ಇಟ್ರಾ?"

"ಇಲ್ಲ. ಯಾಕೆ?"

"ಕೂತ್ಕೊಳ್ಳಿ, ಹೇಳ್ತೀನಿ."

ಹೂವು ಸುತ್ತುವ ಕಾಗದ ಹರಡಿ ಚಿತ್ರ ಬರೆದೆ. ಬೇರಿನಿಂದ ಆರಂಭಿಸಿದೆ. ನೀರು ಕಾಂಡದೊಳಗೆ ಹೇಗೆ ಏರುತ್ತದೆ, ಗಾಳಿಗುಳ್ಳೆ ಎಲ್ಲಿ ಅಡ್ಡ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದೆ. ಎಲೆಯ ರಂಧ್ರಗಳಿಗೆ ಬರುವಷ್ಟರಲ್ಲಿ ಅವನು ಬಾಗಿಲ ಕಡೆ ನೋಡತೊಡಗಿದ. ನಾನು ಇನ್ನೊಂದು ಹಾಳೆ ಎಳೆದೆ.

"ತಪ್ಪು ನಂದೇ ಅಮ್ಮಾ, ಕ್ಷಮಿಸಿ," ಎಂದವನೇ ಗುಲಾಬಿಗಳನ್ನೂ ಬಿಟ್ಟು ಹೊರಟೇಹೋದ.

ಯಜಮಾನಿ ಫೋನ್ ಕೆಳಗಿಟ್ಟಳು. "ಮೂವತ್ತು ವರ್ಷದಲ್ಲಿ ಜಗಳಕ್ಕೆ ಬಂದವರು ಕ್ಷಮೆ ಕೇಳಿ ಹೋಗಿದ್ದು ಇದೇ ಮೊದಲು. ಸೋಮವಾರದಿಂದ ನಿಮ್ಮ ಕೆಲಸ ಕಾಯಂ. ದೂರು ತರೋರೆಲ್ಲ ನಿಮ್ಮ ಪಾಲು. ಆದ್ರೆ ಒಂದು ಮಾತು. ಕೊಳ್ಳೋಕೆ ಬಂದೋರ ಹತ್ರ ದಯವಿಟ್ಟು ಬಾಯಿ ತೆಗೀಬೇಡಿ."

ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಮನೆಗೆ ಬಂದೆ. ನಮ್ಮವರು ಎಲ್ಲ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ರೇಗಿತು.

"ಇಷ್ಟು ವರ್ಷ ಜೊತೆಗಿದ್ದೀರಿ. ನಾನು ವಿವರಿಸೋಕೆ ಕೂತ್ರೆ ಜನ ಓಡಿಹೋಗ್ತಾರೆ ಅಂತ ಒಂದು ಸಲವಾದ್ರೂ ಹೇಳಬಾರದಿತ್ತಾ?"

"ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆಗೆದೆ ಕಣೇ," ಎಂದರು ಕಣ್ಣೊರೆಸಿಕೊಳ್ಳುತ್ತ. "ಅಷ್ಟರಲ್ಲಿ ನೀನು ವಿವರಿಸೋಕೆ ಶುರು ಮಾಡಿರ್ತಿದ್ದೆ."