ಸೂರಕ್ಕಿ ಹಾರಿದ್ದಕ್ಕೆ ಸಾಕ್ಷಿ

ದೇವಿರಮ್ಮ: ರುಜು ಹಾಕಾಕಿಲ್ಲ ಅಂದ್ರೆ ಹಾಕಾಕಿಲ್ಲ ಕಣಯ್ಯ. ಈ ಫೋಟೋದಲ್ಲಿರೋದು ಸತ್ತ ಹಕ್ಕಿ.

ಕರಿಬಸವಯ್ಯ: ಅಯ್ಯೋ ದೇವಿರಕ್ಕ, ನಿಮ್ಮ ಹಿತ್ತಲಲ್ಲೇ, ನಿಮ್ಮ ಎದುರಿಗೇ ಹಾರ್ತಿತ್ತಲ್ಲ!

ದೇವಿರಮ್ಮ: ಹಾರೋ ಹಕ್ಕಿ ರೆಕ್ಕೆ ಪಟಪಟ ಅಂತದೆ. ಇದು ನೋಡು, ಮೊಳೆ ಹೊಡೆದಂಗೆ ನಿಂತದೆ.

ಕರಿಬಸವಯ್ಯ: ಅದನ್ನ ಹಂಗೆ ನಿಲ್ಲಿಸೋದಕ್ಕೇ ಹನ್ನೊಂದು ಫ್ಲಾಶ್ ಬಲ್ಬ್ ಸುಟ್ಟಿದ್ದು!

ಕುಂಬಾರಕೊಪ್ಪಲಿನ ಹಿತ್ತಲು. ಬಾಳೆ ಹೂವಿನ ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಕರಿಬಸವಯ್ಯ ಫೋಟೋ ಸ್ಟುಡಿಯೋ ಇಟ್ಟವನು. ಗಾಳಿಯಲ್ಲಿ ನಿಂತೇ ಹೂವು ಹೀರುವ ಹಮ್ಮಿಂಗ್ ಬರ್ಡಿನ ಚಿತ್ರವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ನೋಡಿದಾಗಿನಿಂದ ಅವನಿಗೆ ಊಟ ಸೇರದು. ಆ ಹಕ್ಕಿ ಇಲ್ಲಿಲ್ಲ, ಇದ್ದದ್ದು ಅದರಂತೆಯೇ ಹೂವಿನ ರಸ ಹೀರುವ ಪುಟ್ಟ ಸೂರಕ್ಕಿ. ಅದು ಹಾರುವಾಗಲೇ ಫೋಟೋ ತೆಗೆದು ಚಿತ್ರಸ್ಪರ್ಧೆಗೆ ಒಯ್ದ. ಅಲ್ಲಿನ ಗುಮಾಸ್ತ, "ಸತ್ತದ್ದನ್ನ ದಾರಕ್ಕೆ ಕಟ್ಟಿದ್ದೀರಿ. ಹಾರ್ತಿತ್ತು ಅಂತ ಕಂಡವರ ರುಜು ತನ್ನಿ, ಇವತ್ತು ಸಂಜೆ ಐದರೊಳಗೆ" ಎಂದು ವಾಪಸು ಎಸೆದ. ಕಂಡವಳು ದೇವಿರಮ್ಮ ಒಬ್ಬಳೇ.

ಕರಿಬಸವಯ್ಯ: ನೀವು ನೋಡ್ತಾ ನಿಂತಿದ್ರಿ ತಾನೆ?

ದೇವಿರಮ್ಮ: ಮೊದ್ಲು ಹಾರ್ತಿತ್ತು. ಆಮೇಲೆ ಇರಲಿಲ್ಲ. ನಡುವೆ ನಿನ್ನ ಬಲ್ಬು ಝಗ್ ಅಂತು, ಕಣ್ಣು ಮುಚ್ಕಂತು. ಕಂಡಿದ್ದು ಬರೀ ಕತ್ಲೆ. ಕತ್ಲೆಗೆ ರುಜು ಹಾಕ್ಲಾ?

ಕರಿಬಸವಯ್ಯ: ಅಷ್ಟರಲ್ಲಿ ಹಕ್ಕಿ ಸತ್ತೋಯ್ತಾ?

ದೇವಿರಮ್ಮ: ಯಾರಿಗೆ ಗೊತ್ತು? ನನ್ನ ಎದೇನೇ ನಿಂತಿತ್ತು.

ಕರಿಬಸವಯ್ಯ: ಸತ್ತಿದ್ರೆ ಆಮೇಲೆ ಎಲ್ಲಿಗೆ ಹೋಯ್ತು?

ದೇವಿರಮ್ಮ: ಅದನ್ನ ಹಕ್ಕೀನ ಕೇಳು. ಇದು ಚಳವಳೀಲಿ ಜೈಲಿಗೆ ಹೋದಾಗ ಕಲ್ತ ರುಜು ಕಣಯ್ಯ, ಸುಳ್ಳಿಗೆ ಹಾಕಾಕಿಲ್ಲ. ನಮ್ಮ ಮಗಳು ಚೂಡಾಮಣಿ ಮದ್ವೇಲಿ "ಅಲ್ಲಾಡಬೇಡಿ, ಅಲ್ಲಾಡಬೇಡಿ" ಅಂತ ನೆಂಟರನ್ನೆಲ್ಲ ಗದರಿಸಿದೋನು ನೀನು. ಹಕ್ಕಿ ಕೂತಾಗ ತೆಗೆಯಾಕೇನು ದಾಡಿ?

ಕರಿಬಸವಯ್ಯ: ಕೂತಿದ್ದನ್ನ ಯಾರು ಬೇಕಾದ್ರೂ ತೆಗೀತಾರೆ!

ದೇವಿರಮ್ಮ: ಅವ್ರಿಗೆ ನನ್ನ ರುಜು ಬೇಕಾಗಾಕಿಲ್ಲ.

ಕರಿಬಸವಯ್ಯ ತಲೆ ಚಚ್ಚಿಕೊಂಡ. ಜೇಬಿನಲ್ಲಿ ಉಳಿದಿದ್ದು ಒಂದೇ ಬಲ್ಬು.

ದೇವಿರಮ್ಮ: ಇನ್ನೊಂದು ಸಲ ಹೊಡಿ. ಅವತ್ತು ಹೇಳದೆ ಕೇಳದೆ ಹೊಡೆದೆ. ಚಳವಳೀಲಿ ಪೊಲೀಸ್ನೋನು ಮೂಗಿನ ಮುಂದೆ ಲಾಠಿ ಎತ್ತಿದಾಗ್ಲೂ ರೆಪ್ಪೆ ಮಿಟುಕಿಸ್ಲಿಲ್ಲ ನಾನು. ಕೊಪ್ಪಲನ್ನೆಲ್ಲ ಕೇಳು.

ಕರಿಬಸವಯ್ಯ: ಕೊಪ್ಪಲಿಗೆ ಹೇಳಿದ್ದು ನೀವೇ ಅಲ್ವಾ?

ದೇವಿರಮ್ಮ: ಹೊಡೀತೀಯೋ, ಒಳಕ್ಕೆ ಹೋಗ್ಲೋ?

ಮಧ್ಯಾಹ್ನದ ಹೊತ್ತಿಗೆ ಸೂರಕ್ಕಿ ಬಂತು. ಬಾಳೆ ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತಿತು. ದೇವಿರಮ್ಮ ಹೂವಿನ ಹತ್ತಿರಕ್ಕೇ ಮುಖ ಚಾಚಿದಳು.

ಕರಿಬಸವಯ್ಯ (ಪಿಸುದನಿಯಲ್ಲಿ): ಹೊಡೀತೀನಿ. ಅಕ್ಕ, ತಲೆ ಹಿಂದಕ್ಕೆ!

ದೇವಿರಮ್ಮ: ದೂರ ನಿಂತು ನೋಡಿದ್ದು ಯಾವ ಸೀಮೆ ಸಾಕ್ಷಿ? ಹೊಡಿ!

ಝಗ್!

ದೇವಿರಮ್ಮ: ಕಂಡೆ! ಹಾರ್ತಿತ್ತು! ರೆಪ್ಪೆ ಮಿಟುಕಿಸಿಲ್ಲ! ಇದನ್ನ ತೊಳೆದು ತಾ. ಕಂಡದ್ದಕ್ಕೆ ಹಾಕ್ತೀನಿ ರುಜು.

ನಾಲ್ಕು ಗಂಟೆಗೆ ಕರಿಬಸವಯ್ಯ ಸೈಕಲ್ ತುಳಿದುಕೊಂಡು ಬಂದ. ಕೈಯಲ್ಲಿ ಒದ್ದೆ ಚಿತ್ರ. ಹಕ್ಕಿಯ ಗರಿಗಳನ್ನು ಎಣಿಸಬಹುದಿತ್ತು. ಅದರ ಪಕ್ಕದಲ್ಲೇ ದೇವಿರಮ್ಮನ ಮುಖ. ಎರಡು ಕಣ್ಣೂ ಬಿಗಿಯಾಗಿ ಮುಚ್ಚಿದ್ದವು. ಬಾಯಿ ಮಾತ್ರ ತೆರೆದಿತ್ತು.

ದೇವಿರಮ್ಮ: ಇದ್ಯಾರು?

ಕರಿಬಸವಯ್ಯ: ನೀವೇ. ಸಾಕ್ಷಿ ಹಕ್ಕಿ ಜೊತೇಲೇ ಬಂದುಬುಟ್ಟದೆ. ಸ್ಪರ್ಧೇಲಿ ಹಿಂಗೇ ದೊಡ್ಡದು ಮಾಡಿ ನೇತಾಕ್ತಾರೆ, ಊರೆಲ್ಲ ನೋಡ್ತದೆ.

ದೇವಿರಮ್ಮ: ನಿನ್ನ ಕ್ಯಾಮೆರಾ ಸುಳ್ಳು ಹೇಳ್ತದೆ.

ಕರಿಬಸವಯ್ಯ: ಕ್ಯಾಮೆರಾ ಸುಳ್ಳಾದ್ರೆ ಹಕ್ಕೀನೂ ಸುಳ್ಳು. ಹಕ್ಕಿ ನಿಜವಾದ್ರೆ ನಿಮ್ಮ ಕಣ್ಣೂ ನಿಜ. ಯಾವುದಕ್ಕೆ ಹಾಕ್ತೀರಿ ರುಜು?

ದೇವಿರಮ್ಮ ಚಿತ್ರವನ್ನು ಕಿತ್ತುಕೊಂಡು ಒಲೆಗೆ ತುರುಕಿ ಬಂದಳು.

ದೇವಿರಮ್ಮ: ಆ ಹಳೇದು ತಾ. ಅದಕ್ಕೆ ಹಾಕ್ತೀನಿ.

ಕರಿಬಸವಯ್ಯ: ಅದಕ್ಕಾ? ಆವಾಗ ಕಣ್ಣು ಮುಚ್ಚಿದ್ದೆ ಅಂದ್ರಲ್ಲ!

ದೇವಿರಮ್ಮ: ಮುಚ್ಚಿದ್ದನ್ನ ಕಂಡೋರ್ಯಾರು? ಸಾಕ್ಷಿ ಕರ್ಕಂಡು ಬಾ.