ನಮ್ಮ ಮನೆಯ ಬ್ರೌಸರ್ ದೊಡ್ಡದಾದ ದಿನ

ನಿಮಗೂ ಹೀಗೆ ಆಗಿದೆಯೇ, ಖರೇ ಹೇಳಿ. ಕೈಯಲ್ಲಿನ ಫೋನಿನಲ್ಲಿ ಬೆರಳು ತಾಗಿಸುವ ಮೊದಲೇ ಪುಟ ತೆರೆಯುವ ಬ್ರೌಸರು, ಅದೇ ಹೆಸರು, ಅದೇ ಬಣ್ಣ, ಅದೇ ಚಿತ್ರ, ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಮಾತ್ರ ಗಿರಗಿರ ತಿರುಗುವ ಒಂದು ಬಳೆಯನ್ನು ತೋರಿಸುತ್ತ ಕೂತುಬಿಡುವುದು? ನೀವು ಕಾಯುತ್ತೀರಿ. ಬಳೆ ತಿರುಗುತ್ತದೆ. ಸಿಟ್ಟಿನಲ್ಲಿ ಇನ್ನೊಮ್ಮೆ ಒತ್ತುತ್ತೀರಿ. ಅದು ಈಗ ಎರಡು ಕೆಲಸ ಬಿತ್ತಲ್ಲಪ್ಪ ಎಂದು ಮತ್ತಷ್ಟು ನಿಧಾನವಾಗುತ್ತದೆ. ಹೀಗೆ ಎಂದೂ ಆಗಿಲ್ಲ ಎನ್ನುವವರು ಪುಣ್ಯವಂತರು. ಅವರು ಮುಂದೆ ಓದುವುದು ಬೇಡ, ಹೋಗಿ ಚಹಾ ಕುಡಿಯಲಿ. ಉಳಿದವರು ಹತ್ತಿರ ಬನ್ನಿ, ನನ್ನ ಹೊಟ್ಟೆಯೊಳಗಿನದನ್ನೆಲ್ಲ ಹೇಳಿಬಿಡುತ್ತೇನೆ.

ಬೈಯುವುದು ನನಗೆ ಹೊಸದಲ್ಲ. ಇಲ್ಲಿ ನಾನು ಬರೆಯುವುದನ್ನು ಓದುವವರಿಗೆ ಅದು ಗೊತ್ತಿದೆ. ನಮ್ಮ ಓಣಿಯ ರಸ್ತೆಯನ್ನು ಬೈದಿದ್ದೇನೆ, ನೀರು ಬಿಡುವ ಹೊತ್ತನ್ನು ಬೈದಿದ್ದೇನೆ, ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಎಲೆಯನ್ನೇ ದಾಟಿಹೋದ ಹೋಳಿಗೆಯ ಬುಟ್ಟಿಯನ್ನು ಬೈದಿದ್ದೇನೆ. ಆದರೆ ಒಂದು ಬ್ರೌಸರನ್ನು ಬೈಯುವ ಕಾಲ ಬರುತ್ತದೆ ಎಂದುಕೊಂಡಿರಲಿಲ್ಲ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಬೈದರೆ ಬೇಜಾರೂ ಆಗುವುದಿಲ್ಲ. ಇಂಥವರ ಜೊತೆ ಜಗಳ ತೆಗೆಯುವುದು ಬಹಳ ಕಷ್ಟ.

ನನ್ನ ಒಬ್ಬನ ಕೆಲಸವಾಗಿದ್ದರೆ ಸುಮ್ಮನಿರುತ್ತಿದ್ದೆ. ಇದು ನನ್ನ ಹೆಂಡತಿ ಶೈಲಾಳ ಕೆಲಸ. ಅವಳು ತಿಕೋಟಾದ ದ್ರಾಕ್ಷಿ ಬೆಳೆಯುವವರ ಮನೆಯವಳು, ಗಣಿತ ಓದಿದವಳು, ಮದುವೆಗೆ ಮುಂಚೆ ಸಾಲಿಯಲ್ಲಿ ಕಲಿಸಿದವಳು. ಆಮೇಲೆ ಮಕ್ಕಳು, ನನ್ನ ಅವ್ವನ ಮೊಣಕಾಲು, ನನ್ನ ಡಬ್ಬಿ, ಇವುಗಳ ನಡುವೆ ಗಣಿತ ಅಟ್ಟ ಸೇರಿತು. ಮಕ್ಕಳು ದೊಡ್ಡವರಾದ ಮೇಲೆ ಆಕೆ ಅಲ್ಲಿ ಇಲ್ಲಿ ಅರ್ಜಿ ಹಾಕಿದಳು. ಇಷ್ಟು ವರ್ಷ ಏನು ಮಾಡಿದಿರಿ ಎಂದು ಎಲ್ಲರೂ ಕೇಳಿದರೇ ಹೊರತು ಯಾರೂ ಕರೆಯಲಿಲ್ಲ. ಕೊನೆಗೆ ಕಂಪ್ಯೂಟರಿನ ಮೂಲಕ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವ ಸಂಸ್ಥೆಯೊಂದು, ಒಂದು ಪರೀಕ್ಷಾ ಪಾಠ ಮಾಡಿ ತೋರಿಸಿ, ಹಿಡಿಸಿದರೆ ತೆಗೆದುಕೊಳ್ಳುತ್ತೇವೆ ಎಂದು ತಿಳಿಸಿತು. ಒಂದೇ ಷರತ್ತು. ಅವರ ಬರೆಯುವ ಬೋರ್ಡು ಫೋನಿನಲ್ಲಿ ಮೂಡುವುದಿಲ್ಲ, ಕಂಪ್ಯೂಟರೇ ಬೇಕು.

ಅಂದು ಶೈಲಾ ರೊಟ್ಟಿ ಬಡಿಯುತ್ತಲೇ, ನನ್ನ ಕಡೆ ನೋಡದೇ, ಒಂದು ಮಾತು ಹೇಳಿದಳು. "ಈ ಸಲ ಆಗಲಿಲ್ಲಂದ್ರ ನಾ ಮತ್ತ ಯಾರ ಮುಂದೂ ಅರ್ಜಿ ಹಿಡ್ಕೊಂಡು ಹೋಗಂಗಿಲ್ಲ ನೋಡ್ರಿ."

ಕಂಪ್ಯೂಟರಿನ ಜವಾಬ್ದಾರಿ ನನ್ನದು ಎಂದು ನಾನು ಎದೆ ತಟ್ಟಿಕೊಂಡೆ. ನಮ್ಮ ಹಾಲಿನ ಮೂಲೆಯಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿದ್ದ ಹಳೆಯ ಪೆಟ್ಟಿಗೆ ಅದು. ಮಕ್ಕಳು ಓದುವಾಗ ತಂದದ್ದು. ಅದರಲ್ಲಿದ್ದ ಬ್ರೌಸರಿಗೆ ಎಷ್ಟು ವಯಸ್ಸಾಗಿತ್ತೆಂದರೆ ಆ ಸಂಸ್ಥೆಯ ಪುಟಕ್ಕೆ ಅದರ ಗುರುತೇ ಸಿಗಲಿಲ್ಲ. ಆಗ ತಿಕೋಟಾದಿಂದ ಶೈಲಾಳ ತಮ್ಮ ಮಲ್ಲು ಫೋನಿನಲ್ಲಿ ಹೊಸ ಬ್ರೌಸರಿನ ಹೆಸರು ಹೇಳಿದ. "ಮಾಮಾ, ನನ್ನ ಫೋನಿನ್ಯಾಗೂ ಅದ ಐತಿ, ಲ್ಯಾಪ್‌ಟಾಪಿನ್ಯಾಗೂ ಅದ ಐತಿ. ಎಲ್ಲಾ ಕಡೆ ಒಂದ ನಮೂನಿ ಓಡತೈತಿ. ಕಣ್ಣ ಮುಚ್ಚಿ ಹಾಕ್ರಿ," ಎಂದ. ನನ್ನ ಫೋನಿನಲ್ಲೂ ಅದೇ ಇತ್ತು. ಹಾಗಾಗಿ ಕಣ್ಣು ಮುಚ್ಚಿಯೇ ಹಾಕಿದೆ.

ಹಾಕುವಾಗ ಅದು ಬೀಗರ ಹಾಗೆ ಒಂದೊಂದೇ ಪ್ರಶ್ನೆ ಕೇಳಿತು. ನಿಮ್ಮ ಫೋನಿನಲ್ಲಿ ತೆರೆದಿಟ್ಟ ಪುಟಗಳನ್ನು ಇಲ್ಲಿಗೂ ತರಲೇ? ತಾ ಎಂದೆ. ಎಲ್ಲವನ್ನೂ ತೆರೆಯಲೇ? ತೆರೆ ಎಂದೆ. ಪ್ರತಿ ಸಲ ನಿಲ್ಲಿಸಿದಲ್ಲಿಂದಲೇ ಶುರು ಮಾಡಲೇ? ಮಾಡಪ್ಪ, ನನಗೇನು. ಹೀಗೆ ಎಲ್ಲದಕ್ಕೂ ಹೂಂ ಅಂದದ್ದಕ್ಕೆ ಸರಿಯಾಗಿ, ಪರದೆಯ ತುದಿಯಲ್ಲಿ ನನ್ನ ಪುಟಗಳು ಸಾಲುಗಟ್ಟಿ ನಿಂತವು. ಬಬಲೇಶ್ವರ ಸಂತೆಯ ದಿನ ಜೀಪಿನಲ್ಲಿ ಮಂದಿ ಕೂರುತ್ತಾರಲ್ಲ, ಒಳಗೆ ತುಂಬಿ, ಹಿಂದೆ ಜೋತು, ಮೇಲೆ ಹತ್ತಿ, ಹಾಗೆ. ಉಪ್ಪಿನಕಾಯಿಗೆ ಬೂಸ್ಟು ಬರದಂತೆ ನೋಡಿಕೊಳ್ಳುವುದು ಹೇಗೆ. ಮೊಣಕಾಲಿನ ವ್ಯಾಯಾಮ. ಈಗ ತಯಾರಾಗುವುದೇ ನಿಂತುಹೋದ ಸ್ಕೂಟರೊಂದರ ವಿವರ. ಎಂದೋ ನೋಡಿದ ಬಸ್ಸಿನ ವೇಳೆ, ಆ ಬಸ್ಸೂ ಈಗ ಇಲ್ಲ. ಗೊರಕೆಗೆ ಮನೆಮದ್ದು, ಇದು ನಾನು ತೆರೆದದ್ದಲ್ಲ, ಶೈಲಾ ನನ್ನ ಫೋನಿನಲ್ಲಿ ತೆರೆದು ಹಾಗೆಯೇ ಬಿಟ್ಟದ್ದು.

ಇಷ್ಟು ಪುಟಗಳನ್ನು ಮುಚ್ಚದೇ ಯಾಕೆ ಇಟ್ಟುಕೊಂಡಿದ್ದೆ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮ ಮನೆತನವನ್ನೇ ಕೇಳಬೇಕು. ನಮ್ಮದು ಬಬಲೇಶ್ವರದಲ್ಲಿ ಬಟ್ಟೆ ಅಂಗಡಿ. ನಮ್ಮಪ್ಪನ ಮುಂದೆ 'ಮುಚ್ಚು' ಎಂಬ ಶಬ್ದ ಆಡುವಂತಿರಲಿಲ್ಲ. ದೇವರ ಮುಂದಿನ ದೀಪವನ್ನು ಯಾರೂ ಆರಿಸು ಅನ್ನುವುದಿಲ್ಲ ನೋಡಿ, ದೊಡ್ಡದು ಮಾಡು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತು ದೀಪದಿಂದ ಅಂಗಡಿಗೂ ಹಬ್ಬಿತ್ತು. ಸಂಜೆ ಬಾಗಿಲು ಎಳೆಯುವಾಗ ಅಪ್ಪ, "ಅಂಗಡಿ ದೊಡ್ಡದ ಮಾಡ್ರಿ," ಅನ್ನುತ್ತಿದ್ದ. ಹೊಸದಾಗಿ ಬಂದ ಗಿರಾಕಿಯೊಬ್ಬರು ಇದನ್ನು ಕೇಳಿ, ಪಕ್ಕದ ಜಾಗವನ್ನೂ ತೆಗೆದುಕೊಂಡಿರೇನು ಎಂದು ಸಂತೋಷಪಟ್ಟಿದ್ದುಂಟು. ಈಗ ಅಂಗಡಿಯನ್ನು ಅಣ್ಣ ನೋಡಿಕೊಳ್ಳುತ್ತಾನೆ, ಅವ್ವ ವಿಜಯಪುರದಲ್ಲಿ ನಮ್ಮ ಜೊತೆ ಇದ್ದಾಳೆ, ಅವಳ ಜೊತೆ ಆ ಮಾತೂ ಬಂದಿದೆ. ಹಾಲಿನ ಸ್ವಿಚ್ ಬೋರ್ಡಿನ ಪಕ್ಕದ ಖುರ್ಚಿ ಅವಳದು. ಮೊಣಕಾಲು ನೋವಿನಿಂದ ಓಡಾಟ ಕಡಿಮೆಯಾದ ಮೇಲೆ ಮನೆಯ ಸ್ವಿಚ್ಚುಗಳ ಕಾರುಬಾರನ್ನು ಅವಳೇ ವಹಿಸಿಕೊಂಡಿದ್ದಾಳೆ. "ಯವ್ವಾ, ಲೈಟ್ ದೊಡ್ಡದ ಮಾಡ ಬೇ," ಅಂದರೆ ಟಕ್ ಎಂದು ಲೈಟು ಆರುತ್ತದೆ. ಫ್ಯಾನಿಗೂ ಅದೇ ಮಾತು, ಟೀವಿಗೂ ಅದೇ. ಹೀಗೆ ಬೆಳೆದವನು ನಾನು. ಅರ್ಧ ಓದಿದ ಪುಟದ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಲು ನನಗೆ ಕೈ ಬರುವುದಿಲ್ಲ. ಏನೋ ಅಪಶಕುನ ಅನ್ನಿಸುತ್ತದೆ.

ಇರಲಿ, ಬ್ರೌಸರಿಗೆ ಬರೋಣ. ಅದನ್ನು ತೆರೆದ ಕೂಡಲೇ ಪೆಟ್ಟಿಗೆಯೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ನಾನು ಯಾವ ಅಕ್ಷರ ಒತ್ತಿದ್ದೆ ಎಂಬುದೇ ಮರೆಯುತ್ತಿತ್ತು. ಪುಟವನ್ನು ಕೆಳಗೆ ಸರಿಸಿದರೆ ಅದು ಮೊದಲು ಯೋಚಿಸಿ, ಆಮೇಲೆ ಒಮ್ಮೆಲೇ ನಾಲ್ಕು ಪುಟದಷ್ಟು ಕೆಳಗೆ ಧುಮುಕುತ್ತಿತ್ತು. ಫೋನಿನಲ್ಲಿ ಜಿಂಕೆ, ಇಲ್ಲಿ ಕೆರೆಗಿಳಿದ ಎಮ್ಮೆ. ಎಲ್ಲ ಯಂತ್ರಗಳಲ್ಲೂ ಹೂವಿನಷ್ಟು ಹಗುರ ಎಂದು ಅದನ್ನು ಮಾಡಿದವರು ಬರೆದುಕೊಂಡಿದ್ದರು. ಅವರನ್ನು ಕರೆತಂದು ನಮ್ಮ ಹಾಲಿನಲ್ಲಿ ಒಂದು ಮಧ್ಯಾಹ್ನ ಕೂರಿಸಬೇಕು ಎನಿಸಿತು.

ಮಲ್ಲುವಿಗೆ ಫೋನು ಮಾಡಿ ದಬಾಯಿಸಿದೆ. ಅವನದು ಗಾಳಿಯಂತೆ ಓಡುತ್ತಿದೆಯಂತೆ. "ನಿಮ್ಮ ಮಷೀನಿಗೆ ನಿಮ್ಮ ಮ್ಯಾಲ ಸಿಟ್ಟ ಬಂದಿರಬೇಕ ಮಾಮಾ," ಎಂದು ನಕ್ಕ. ಶೈಲಾ ಮಾತ್ರ ನಗಲಿಲ್ಲ. ಆ ಹಳೇ ಪುಟಗಳನ್ನೆಲ್ಲ ತೆಗೆದುಬಿಡಿ ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧ, ಸುಮ್ಮನೆ ನಿಂತ ಪುಟ ಯಾರಿಗೇನು ಮಾಡುತ್ತದೆ ಎಂದೆ. ಹಾಗಾದರೆ ಮಲ್ಲುವಿನ ಲ್ಯಾಪ್‌ಟಾಪು ತರಿಸೋಣ ಎಂದಳು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವಾಗ ತವರು ಮನೆಯಿಂದ ತರಿಸುವುದೇ ಎಂದು ನಾನು ಮೀಸೆ ತಿರುವಿದೆ. ಅವಳು ಸುಮ್ಮನಾದಳು. ಶೈಲಾ ಮಾತಾಡುವಾಗ ನಾನು ಹೆದರುವುದಿಲ್ಲ, ಸುಮ್ಮನಾದಾಗ ಹೆದರುತ್ತೇನೆ. ಆ ಹೆದರಿಕೆಯಲ್ಲಿ ಏನು ಮಾಡಿದೆ ಗೊತ್ತೇ? ಇನ್ನೊಂದು ಹೊಸ ಪುಟ ತೆರೆದು, ಆ ಬ್ರೌಸರಿನ ಜನ್ಮ ಜಾಲಾಡುವ ಉದ್ದನೆಯ ಬರಹ ಬರೆಯತೊಡಗಿದೆ. ನಿಮಗಾಗಿಯೇ. ಅರ್ಧ ಬರೆದು ಅದನ್ನೂ ತೆರೆದೇ ಇಟ್ಟೆ.

ಪಾಠದ ದಿನ ಬಂತು. ಬೆಳಿಗ್ಗೆಯೇ ಶೈಲಾ ಇಳಕಲ್ ಸೀರೆ ಉಟ್ಟು, ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಹಸಿ ದ್ರಾಕ್ಷಿ, ಇನ್ನೊಂದರಲ್ಲಿ ಒಣದ್ರಾಕ್ಷಿ ಇಟ್ಟುಕೊಂಡು ಕೂತಳು. ಅನುಪಾತದ ಪಾಠ. ಅವಳ ಕೈಯಲ್ಲಿ ಕಂಪ್ಯೂಟರಿಗೆ ಜೋಡಿಸಿದ ಬರೆಯುವ ಕಡ್ಡಿ, ಪಕ್ಕದಲ್ಲಿ ಮೌಸು ಹಿಡಿದು ನಾನು, ಸ್ವಿಚ್ ಬೋರ್ಡಿನ ಬಳಿ ಅವ್ವ. ಪರದೆಯಲ್ಲಿ ಪರೀಕ್ಷೆ ಮಾಡುವ ಮೇಡಂ ಕಾಣಿಸಿದರು, ಮೈಸೂರಿನ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಜೊತೆಗೆ ಪಾಠ ಕೇಳಲು ಕೆಲವು ಮಕ್ಕಳು.

ಶೈಲಾ ನಮಸ್ಕಾರ ಅಂದಳು. ಅದು ಅಲ್ಲಿಗೆ ಹೋಗಿ, ಗುಮ್ಮಟದೊಳಗೆ ಕೂಗಿದಂತೆ, ನಮಸ್ಕಾರ, ಸ್ಕಾರ, ಸ್ಕಾರ ಎಂದು ವಾಪಸು ಬಂತು. ಮಾತು ತುಂಡುತುಂಡಾಗಿ ಕೇಳುತ್ತಿದೆ ಎಂದರು ಮೇಡಂ. ಶೈಲಾ ಬೋರ್ಡಿನ ಮೇಲೆ ಗೆರೆ ಎಳೆದಳು. ಗೆರೆ ಬರಲಿಲ್ಲ. ಮತ್ತೆ ಎಳೆದಳು. ಎರಡೂ ಕೂಡಿ, ಅವಳು ಕೈ ಎತ್ತಿದ ಮೇಲೆ ಬಂದವು. ಬೋರ್ಡೋ, ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಾಣುತ್ತಿತ್ತು. ಮಗುವೊಂದು ಆಕಳಿಸಿತು. ಶೈಲಾಳ ಹಣೆಯ ಮೇಲೆ ಬೆವರು ಮೂಡಿತು. ನಾನು ಮೌಸನ್ನು ಒತ್ತಿದೆ, ತಿಕ್ಕಿದೆ, ಬೇಡಿಕೊಂಡೆ. ಬಳೆ ತಿರುಗುತ್ತಲೇ ಇತ್ತು.

ಬೋರ್ಡು ಬಹಳ ಚಿಕ್ಕದಾಗಿದೆ ಎಂದರು ಮೇಡಂ. ನಾನು ಮತ್ತೆ ಒತ್ತಿದೆ. ಕಾದು ಕಾದು ಮೇಡಂ ದನಿ ಏರಿಸಿದರು. ಅದುವರೆಗೆ ಹರಿದು ಹರಿದು ಬರುತ್ತಿದ್ದ ಮಾತು, ಆ ಒಂದು ವಾಕ್ಯ ಮಾತ್ರ, ಗಂಟೆ ಬಾರಿಸಿದಂತೆ ಇಡೀ ಹಾಲಿಗೆ ಕೇಳಿಸಿತು.

"ಅಲ್ಲಿ ಯಾರಾದ್ರೂ ಅದನ್ನ ಸ್ವಲ್ಪ ದೊಡ್ಡದು ಮಾಡಿ, ಪ್ಲೀಸ್."

ಟಕ್.

ಪರದೆ ಕಪ್ಪಾಯಿತು. ಗಿರಣಿ ನಿಂತಿತು. ಇಷ್ಟು ದಿನದಲ್ಲಿ ಮೊದಲ ಸಲ ನಮ್ಮ ಹಾಲಿನಲ್ಲಿ ನಿಶ್ಶಬ್ದ. ತಿರುಗಿ ನೋಡಿದರೆ ಅವ್ವ ಸ್ವಿಚ್ಚಿನ ಮೇಲಿಂದ ಬೆರಳು ತೆಗೆದು, ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಏನ್ ಮಾಡಿದಿ ಬೇ?" ಎಂದೆ.

"ಪಾಪ, ಆಕಿ ಆಗಿಂದ ದೊಡ್ಡದ ಮಾಡ್ರಿ, ದೊಡ್ಡದ ಮಾಡ್ರಿ ಅಂತ ಬಾಯಿ ಬಡ್ಕೊಳ್ಳಾಕತ್ತಾಳ," ಎಂದಳು ಅವ್ವ. "ನೀ ಕೇಳವಲ್ಲಿ. ನಾನ ಮಾಡೀನಿ ಯಪ್ಪಾ."

ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥ ಎಂದಾದರೂ ಇತ್ತೇ? ನಾನು ಶೈಲಾಳ ಮುಖ ನೋಡಲು ಧೈರ್ಯ ಸಾಲದೇ ದ್ರಾಕ್ಷಿಯ ತಟ್ಟೆ ನೋಡುತ್ತ ಕೂತೆ. ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಎದ್ದು ಸ್ವಿಚ್ಚು ಹಾಕಿದಳು, ಫೋನಿನಿಂದ ಮೇಡಂಗೆ, ಕರೆಂಟು ಹೋಗಿತ್ತು, ಈಗಲೇ ಬರುತ್ತೇನೆ ಎಂದು ಬರೆದಳು. ನಮ್ಮ ಕಡೆ ಈ ಮಾತನ್ನು ಅನುಮಾನಿಸುವವರು ಯಾರೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ಏಳ್ರಿ ಮ್ಯಾಲ."

ಎದ್ದೆ. ಕಂಪ್ಯೂಟರು ಮತ್ತೆ ಶುರುವಾಯಿತು, ಬ್ರೌಸರು ತೆರೆಯಿತು. ಪೂರಾ ಖಾಲಿ. ಒಂದು ಮೂಲೆಯಲ್ಲಿ ಮಾತ್ರ ಸಣ್ಣದೊಂದು ಪ್ರಶ್ನೆ. ನಡುವೆಯೇ ನಿಂತುಹೋಯಿತು, ಹಳೆಯ ಪುಟಗಳನ್ನು ಮರಳಿ ತೆರೆಯಲೇ? ನನ್ನ ಕೈ, ನನ್ನನ್ನು ಕೇಳದೇ, ಮೌಸಿನ ಕಡೆ ಹೋಯಿತು.

"ಕೈ ತಗೀರಿ," ಎಂದಳು ಶೈಲಾ. ಬೇಡ ಎಂದು ಒತ್ತಿದಳು.

ಆಮೇಲೆ ನಡೆದದ್ದನ್ನು ಹೇಳಲು ನನಗೆ ನಾಚಿಕೆ. ಆ ಪೆಟ್ಟಿಗೆ, ಆ ಬ್ರೌಸರು, ಅವೇ. ಬೋರ್ಡು ಪರದೆ ತುಂಬ ಹರಡಿತು. ಎಳೆದ ಗೆರೆ ಎಳೆದಲ್ಲೇ ಮೂಡಿತು. ನಾಲ್ಕು ಬುಟ್ಟಿ ಹಸಿ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಬುಟ್ಟಿ ಒಣದ್ರಾಕ್ಷಿ ಎಂದು ತಟ್ಟೆ ಎತ್ತಿ ತೋರಿಸಿ ಅವಳು ಅನುಪಾತ ಹೇಳುತ್ತಿದ್ದರೆ, ಆಕಳಿಸಿದ್ದ ಮಗು ಎದ್ದು ಕೂತು, ಒಣಗುವಾಗ ಯಾರಾದರೂ ತಿಂದರೆ ಅನುಪಾತ ಏನಾಗುತ್ತದೆ ಎಂದು ಕೇಳಿತು. ಎಷ್ಟು ತಿಂದರು ಎಂಬುದನ್ನು ಅನುಪಾತವೇ ಹಿಡಿದುಕೊಡುತ್ತದೆ ಎಂದು ಶೈಲಾ ಅದನ್ನೇ ಲೆಕ್ಕ ಮಾಡಿ ತೋರಿಸಿದಳು. ಮೇಡಂ ನಕ್ಕರು. ನಾನು ಬಾಯಲ್ಲಿದ್ದ ದ್ರಾಕ್ಷಿಯನ್ನು ಸದ್ದಿಲ್ಲದೇ ನುಂಗಿದೆ. ಪಾಠ ಮುಗಿದ ಮೇಲೆ ಮೇಡಂ, ನಿಮ್ಮ ಕಂಪ್ಯೂಟರ್ ಚೆನ್ನಾಗಿದೆ, ಮೊದಲು ಬಹುಶಃ ಕರೆಂಟಿನದೇ ತೊಂದರೆ ಇತ್ತು ಅನ್ನಿಸುತ್ತೆ ಎಂದರು. ಹೌದು, ಕರೆಂಟಿನದೇ ಎಂದು ಶೈಲಾ ನನ್ನನ್ನು ನೋಡುತ್ತ ಹೇಳಿದಳು.

ಅವಳನ್ನು ತೆಗೆದುಕೊಂಡರು. ಈಗ ದಿನಾ ಸಂಜೆ ನಮ್ಮ ಹಾಲಿನಲ್ಲಿ ಗಣಿತ. ಮಲ್ಲು ಫೋನು ಮಾಡಿ, ಬ್ರೌಸರ್ ಹ್ಯಾಂಗ ಓಡಾಕತ್ತೈತಿ ಮಾಮಾ ಎಂದು ಕೇಳಿದರೆ, ಪರವಾಗಿಲ್ಲ ಅನ್ನುತ್ತೇನೆ. ಪುಟಗಳ ಜೊತೆಗೆ ನನ್ನ ಬೈಗುಳದ ಬರಹವೂ ಹೋಯಿತು. ಬಹಳ ಚೆನ್ನಾಗಿ ಬಂದಿತ್ತು, ನಿಮಗೆ ಓದುವ ಯೋಗ ಇರಲಿಲ್ಲ. ಬೈಯಬೇಕಾದವನ ಹೆಸರು ಅದರಲ್ಲಿ ತಪ್ಪಾಗಿತ್ತು ಎಂಬುದೂ ನಿಜ. ಶೈಲಾ ನನಗೆ ಕಂಪ್ಯೂಟರಿನಲ್ಲಿ ಒಂದೇ ಒಂದು ಪುಟ ಮಂಜೂರು ಮಾಡಿದ್ದಾಳೆ. ಇನ್ನೊಂದು ಬೇಕಾದರೆ ಮೊದಲನೆಯದನ್ನು ಮುಚ್ಚಬೇಕು. ಮುಚ್ಚಲು ಇಂದಿಗೂ ನನಗೆ ಕೈ ಬರುವುದಿಲ್ಲ. ಹಾಗಾಗಿ ಅವಳ ಪಾಠ ಮುಗಿದ ಮೇಲೆ ಸಿಗುವ ಈ ಚೂರು ಹೊತ್ತಿನಲ್ಲಿ, ಈ ಒಂದೇ ಪುಟದಲ್ಲಿ, ನಿಮಗೆ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮನೆಯ ಬ್ರೌಸರು ಹೇಗಿದೆ? ಯಾರ ಪುಟಗಳನ್ನು ಹೊತ್ತು ಏದುಸಿರು ಬಿಡುತ್ತಿದೆ? ನೀವು ಯಾರನ್ನು ಬೈದಿರಿ, ಕೊನೆಗೆ ತಪ್ಪು ಯಾರದಾಗಿತ್ತು? ಸಂಕೋಚ ಬೇಡ, ನನಗಿಂತ ಹೆಚ್ಚು ಮರ್ಯಾದೆ ಕಳೆದುಕೊಳ್ಳಲು ನಿಮ್ಮಿಂದಾಗದು. ಕೆಳಗೆ ಬರೆಯಿರಿ. ಆದರೆ ಅವ್ವ ಈಗಾಗಲೇ ಸ್ವಿಚ್ಚಿನ ಮೇಲೆ ಬೆರಳಿಟ್ಟು, "ಮುಗೀತೇನೋ ಯಪ್ಪಾ, ದೊಡ್ಡದ ಮಾಡ್ಲೇನು?" ಎಂದು ಕೇಳುತ್ತಿದ್ದಾಳೆ. ಸ್ವಲ್ಪ ಬೇಗ ಬರೆಯಿರಿ.